ಲಾರಿಯ ಹೌಸಿಂಗ್ ಎಷ್ಟು ಬಿಸಿಯಾಗಿದೆ?

ಮಂಗಳೂರು ಬಂದರಿನಲ್ಲಿ ಲೋಡ್ ಮಾಡಿಕೊಂಡ ಲಾರಿ ಬೆಂಗಳೂರಿಗೆ ಹೊರಟರೆ ಸಾಮಾನ್ಯವಾಗಿ ಶಿರಾಡಿ ಘಾಟಿ ಹತ್ತುತ್ತದೆ. ಅಡ್ಡಹೊಳೆಯಿಂದ ಹೆಗ್ಗದ್ದೆಯವರೆಗೆ ಸುಮಾರು 26 ಕಿಲೋಮೀಟರ್ ಕಾಂಕ್ರೀಟ್ ರಸ್ತೆ. ತುಂಬಿದ ಲಾರಿ ಇಲ್ಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಏರಿದರೆ ಅದೇ ಜಾಸ್ತಿ. ಡ್ರೈವರ್ ಆಗಾಗ ಎಂಜಿನ್ ಟೆಂಪರೇಚರ್ ಮುಳ್ಳಿನ ಕಡೆ ಕಣ್ಣು ಹಾಯಿಸುತ್ತಾರೆ. ಅದೇ ಹೊತ್ತಿಗೆ ಹಿಂದಿನ ಚಕ್ರಗಳ ನಡುವಿನ ಉಬ್ಬಿದ ಕಬ್ಬಿಣದ ಹೌಸಿಂಗ್ ಕೂಡ ಕಾಯುತ್ತಿರುತ್ತದೆ. ಅದನ್ನು ತಣಿಸಲು ರೇಡಿಯೇಟರ್ ಇಲ್ಲ, ಫ್ಯಾನ್ ಇಲ್ಲ. ನಮ್ಮ ಬಹುಪಾಲು ಲಾರಿಗಳಲ್ಲಿ ಅದರ ಬಿಸಿ ತೋರಿಸುವ ಮೀಟರ್ ಸಹ ಇಲ್ಲ.

ಆ ಹೌಸಿಂಗ್ ಒಳಗೆ ಇರುವುದು ಡಿಫರೆನ್ಶಿಯಲ್. ಅದರ ಕೆಲಸ ಒಂದಲ್ಲ, ಮೂರು. ಎಂಜಿನ್ ಶಕ್ತಿ ಪ್ರೊಪೆಲ್ಲರ್ ಶಾಫ್ಟ್ ಎಂಬ ತಿರುಗುವ ಉದ್ದ ದಂಡದ ಮೂಲಕ ಲಾರಿಯ ಉದ್ದಕ್ಕೂ ಬರುತ್ತದೆ, ಆದರೆ ಚಕ್ರದ ಎಕ್ಸೆಲ್ ಅಡ್ಡಕ್ಕೆ ಇರುತ್ತದೆ. ಹಾಗಾಗಿ ಪಿನಿಯನ್ ಎಂಬ ಚಿಕ್ಕ ಗೇರ್, ಕ್ರೌನ್ ಎಂಬ ದೊಡ್ಡ ಗೇರನ್ನು ತಿರುಗಿಸಿ ಶಕ್ತಿಯ ದಿಕ್ಕನ್ನು 90 ಡಿಗ್ರಿ ಬದಲಿಸುತ್ತದೆ. ಜೊತೆಗೆ ವೇಗ ಇಳಿಸಿ, ತಿರುಗಿಸುವ ಬಲವನ್ನು ನಾಲ್ಕರಿಂದ ಏಳು ಪಟ್ಟು ಹೆಚ್ಚಿಸುತ್ತದೆ. ಎಂಜಿನ್ 800 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ ಕೊಟ್ಟರೆ, ಫಸ್ಟ್ ಗೇರಿನಲ್ಲಿ ಗೇರ್‌ಬಾಕ್ಸ್ ಒಂಬತ್ತು ಪಟ್ಟು, ಹೌಸಿಂಗ್ ಐದೂವರೆ ಪಟ್ಟು ಏರಿಸಿತು ಅಂದುಕೊಳ್ಳಿ. ಎಕ್ಸೆಲ್‌ಗೆ ಸಿಗುವುದು ಹತ್ತಿರ ಹತ್ತಿರ 40,000 ನ್ಯೂಟನ್ ಮೀಟರ್. ಲಾರಿಯಲ್ಲಿ ಇಷ್ಟು ಬಲ ತಿರುಗುವ ಜಾಗ ಇನ್ನೊಂದಿಲ್ಲ.

ಮೂರನೆಯ ಕೆಲಸ ತಿರುವಿನದು. ಹೇರ್‌ಪಿನ್ ತಿರುವಿನಲ್ಲಿ ಲಾರಿ ಪೂರ್ತಿ ಹಿಂದಕ್ಕೆ ತಿರುಗಿದಾಗ ಹೊರಗಿನ ಚಕ್ರ ಒಳಗಿನದಕ್ಕಿಂತ ಎಷ್ಟು ಜಾಸ್ತಿ ಓಡುತ್ತದೆ ಗೊತ್ತಾ? ಎರಡು ಬದಿಯ ಚಕ್ರಗಳ ನಡುವಿನ ಅಂತರವನ್ನು 3.14ರಿಂದ ಗುಣಿಸಿದಷ್ಟು. ಅಂತರ 1.8 ಮೀಟರ್ ಇದ್ದರೆ ಐದೂವರೆ ಮೀಟರಿಗೂ ಹೆಚ್ಚು. ತಿರುವು ದೊಡ್ಡದಿರಲಿ, ಚಿಕ್ಕದಿರಲಿ, ಲೆಕ್ಕ ಬದಲಾಗುವುದಿಲ್ಲ! ಎರಡೂ ಚಕ್ರ ಒಂದೇ ಸರಳಿಗೆ ಬಿಗಿದಿದ್ದರೆ ಟೈರ್ ಉಜ್ಜಿಕೊಂಡೇ ತಿರುಗಬೇಕಿತ್ತು. ಕ್ರೌನ್ ಜೊತೆಗೆ ಸುತ್ತುವ ಪುಟ್ಟ ಸ್ಪೈಡರ್ ಗೇರ್‌ಗಳು ಈ ವ್ಯತ್ಯಾಸವನ್ನು ಸರಿದೂಗಿಸುತ್ತವೆ. ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ 1820ರ ದಶಕದ ಕೊನೆಯಲ್ಲಿ ಉಗಿ ಗಾಡಿಗಾಗಿ ಇಂಥ ಏರ್ಪಾಡಿಗೆ ಪೇಟೆಂಟ್ ಪಡೆದಿದ್ದರು. ಇಂದಿಗೂ ಮೂಲ ಉಪಾಯ ಅದೇ.

ಈಗ ಬಿಸಿಯ ವಿಷಯಕ್ಕೆ ಬರೋಣ. ಕ್ರೌನ್ ಮತ್ತು ಪಿನಿಯನ್ ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲ, ಜಾರುತ್ತಲೂ ಇರುತ್ತವೆ. ಪಿನಿಯನ್ ಕ್ರೌನಿನ ನಡುಮಟ್ಟಕ್ಕಿಂತ ಸ್ವಲ್ಪ ಕೆಳಗೆ ಕೂರುವ ಹೈಪಾಯ್ಡ್ ಗೇರಿನಲ್ಲಂತೂ ಈ ಜಾರುವಿಕೆ ಜಾಸ್ತಿ. 1920ರ ದಶಕದಲ್ಲಿ ಅಮೆರಿಕದ ಗ್ಲೀಸನ್ ಕಂಪನಿ ತಂದ ಈ ವಿನ್ಯಾಸ ಸದ್ದು ಕಡಿಮೆ ಮಾಡಿತು, ಹಲ್ಲಿಗೆ ಬಲ ಕೊಟ್ಟಿತು. ಬದಲಿಗೆ ಬಿಸಿಯನ್ನು ಹೆಚ್ಚಿಸಿತು. ಹೋಗುವ ಶಕ್ತಿಯಲ್ಲಿ ಶೇಕಡಾ ಮೂರೋ ನಾಲ್ಕೋ ಭಾಗ ಇಲ್ಲೇ ಬಿಸಿಯಾಗಿ ಕಳೆದುಹೋಗುತ್ತದೆ. ಕೇಳಲು ಸಣ್ಣ ಸಂಖ್ಯೆ, ಅಲ್ವಾ? ಆದರೆ ಎಂಜಿನ್ 150 ಕಿಲೋವ್ಯಾಟ್, ಅಂದರೆ ಸುಮಾರು 200 ಅಶ್ವಶಕ್ತಿ ಕೊಡುತ್ತಿದ್ದರೆ ಆ ನಷ್ಟ 5 ಕಿಲೋವ್ಯಾಟ್ ಆಸುಪಾಸು. ಮನೆಯ 2 ಕಿಲೋವ್ಯಾಟ್ ಗೀಸರ್ ಎರಡೂವರೆಯನ್ನು ಹೌಸಿಂಗ್ ಒಳಗೆ ಹಾಕಿ, ಸ್ವಿಚ್ ಒತ್ತಿ ಬಿಟ್ಟಂತೆ.

ಈ ಬಿಸಿ ತಕ್ಷಣ ಹೊರಗೆ ಕಾಣುವುದಿಲ್ಲ. ಹೌಸಿಂಗ್ ಮತ್ತು ಗೇರುಗಳ ಕಬ್ಬಿಣ 300 ಕಿಲೋ, ಆಯಿಲ್ 13 ಲೀಟರ್ ಎಂದು ಇಟ್ಟುಕೊಳ್ಳಿ. ಒಂದು ಡಿಗ್ರಿ ಏರಲು ಇವೆಲ್ಲಕ್ಕೂ ಸೇರಿ ಸುಮಾರು 160 ಕಿಲೋಜೂಲ್ ಬೇಕು. 5 ಕಿಲೋವ್ಯಾಟ್ ಲೆಕ್ಕದಲ್ಲಿ ಅರ್ಧ ನಿಮಿಷಕ್ಕೆ ಒಂದು ಡಿಗ್ರಿ. ಗಾಳಿಗೆ ಏನೂ ಹೋಗದಿದ್ದರೆ 20 ನಿಮಿಷದಲ್ಲಿ 37 ಡಿಗ್ರಿ ಏರುತ್ತದೆ. ಗಾಳಿಗೆ ಹೋಗುತ್ತದೆ ನಿಜ, ಆದರೆ ಘಾಟಿಯಲ್ಲಿ ವೇಗವೇ ಇರುವುದಿಲ್ಲ. ಲೋಡ್ ಅತಿ ಹೆಚ್ಚು ಇರುವಾಗಲೇ ಗಾಳಿ ಅತಿ ಕಡಿಮೆ. ತೊಂದರೆಯ ಬೇರು ಇರುವುದು ಇಲ್ಲಿ.

ಬಿಸಿಯಾದರೆ ಮೊದಲು ಸೋಲುವುದು ಕಬ್ಬಿಣವಲ್ಲ, ಆಯಿಲ್. 85ಡಬ್ಲ್ಯು-140 ಎಂಬ ದಪ್ಪನೆಯ ದರ್ಜೆಯ ಗೇರ್ ಆಯಿಲ್ 40 ಡಿಗ್ರಿಯಲ್ಲಿ ಎಷ್ಟು ದಪ್ಪ ಇರುತ್ತದೋ, 100 ಡಿಗ್ರಿಯಲ್ಲಿ ಅದರ ಹತ್ತನೇ ಒಂದು ಭಾಗಕ್ಕಿಂತಲೂ ತೆಳುವಾಗುತ್ತದೆ. ಹಲ್ಲುಗಳ ನಡುವಿನ ಪದರ ತೆಳುವಾದಂತೆ ಲೋಹಕ್ಕೆ ಲೋಹ ತಾಗಲು ಶುರುವಾಗುತ್ತದೆ. ಆಗ ಕಾಪಾಡುವುದು ಇಂಥ ಗೇರುಗಳಿಗೆಂದೇ ಇರುವ ಜಿಎಲ್-5 ದರ್ಜೆಯ ಆಯಿಲ್‌ನಲ್ಲಿ ಬೆರೆಸಿರುವ ಗಂಧಕ ಮತ್ತು ರಂಜಕದ ಸಂಯುಕ್ತಗಳು. ಹಲ್ಲು ತಾಗುವ ಬಿಂದುವಿನಲ್ಲಿ ಕ್ಷಣಮಾತ್ರ ಹುಟ್ಟುವ ಕಡು ಬಿಸಿಗೆ ಅವು ಉಕ್ಕಿನೊಂದಿಗೆ ಸೇರಿ ತೆಳುವಾದ ಪೊರೆ ಕಟ್ಟುತ್ತವೆ. ಹಲ್ಲು ಹಲ್ಲಿಗೆ ಬೆಸೆದುಕೊಳ್ಳದಂತೆ ತಡೆಯುವುದು ಆ ಪೊರೆ. ಗೇರ್ ಆಯಿಲ್‌ಗೆ ಆ ಘಾಟು ವಾಸನೆ ಬರುವುದೂ ಗಂಧಕದಿಂದಲೇ. ಹೌಸಿಂಗ್‌ಗೆ ಕೈಗೆ ಸಿಕ್ಕ ಎಂಜಿನ್ ಆಯಿಲ್ ಸುರಿಯಬಾರದು ಎನ್ನುವುದು ಸುಮ್ನೆ ಹೇಳುವ ಮಾತಲ್ಲ. ಅದರಲ್ಲಿ ಈ ರಕ್ಷಣೆ ಸಾಲುವುದಿಲ್ಲ.

ಒಳ್ಳೆಯ ಆಯಿಲ್‌ಗೂ ಒಂದು ಆಯಸ್ಸು ಇದೆ. ಬಿಸಿ 10 ಡಿಗ್ರಿ ಏರಿದರೆ ಆಯಿಲ್ ಕೆಡುವ ವೇಗ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ ಎನ್ನುವುದು ರಸಾಯನಶಾಸ್ತ್ರದ ಒರಟು ಲೆಕ್ಕ. 90 ಡಿಗ್ರಿಯಲ್ಲಿ ಓಡುವ ಹೌಸಿಂಗ್‌ಗೂ 110 ಡಿಗ್ರಿಯಲ್ಲಿ ಓಡುವ ಹೌಸಿಂಗ್‌ಗೂ ಹೀಗೆ ನಾಲ್ಕು ಪಟ್ಟು ವ್ಯತ್ಯಾಸ. ಲೋಡ್ ಹೊತ್ತ ಲಾರಿಯ ಹೌಸಿಂಗ್ ಆಯಿಲ್ 70ರಿಂದ 105 ಡಿಗ್ರಿ ನಡುವೆ ಇದ್ದರೆ ಗಾಬರಿಪಡಬೇಕಿಲ್ಲ. 120 ದಾಟಿತು ಅಂದರೆ ಗಾಡಿ ನಿಲ್ಲಿಸಿ ಕಾರಣ ಹುಡುಕಬೇಕು. ಆ ಬಿಸಿಯಲ್ಲಿ ಆಯಿಲ್ ಸೀಲಿನ ರಬ್ಬರ್ ಸಹ ಗಟ್ಟಿಯಾಗಿ ಬಿರುಕು ಬಿಡತೊಡಗುತ್ತದೆ.

ಹಾಗಾದರೆ ಅಳೆಯುವುದು ಹೇಗೆ? ಅಮೆರಿಕದ ಪೀಟರ್‌ಬಿಲ್ಟ್, ಕೆನ್‌ವರ್ತ್ ಲಾರಿಗಳ ಡ್ಯಾಶ್‌ಬೋರ್ಡಿನಲ್ಲಿ ಹಿಂದಿನ ಎಕ್ಸೆಲ್‌ಗಳ ಆಯಿಲ್ ಬಿಸಿಗೆ ಬೇರೆಯೇ ಮೀಟರ್ ಹಾಕಿಸಿಕೊಳ್ಳಬಹುದು. ನಮ್ಮ ಘಾಟಿಗಳಲ್ಲಿ ದುಡಿಯುವ ಲಾರಿಗಳಿಗೂ ಅದು ಬರಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಅಲ್ಲಿಯವರೆಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಕು. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಇಲ್ಲಿ ನಡೆಯುವುದಿಲ್ಲ, ಅದು ದೇಹದ ಜ್ವರದ ಮಟ್ಟಕ್ಕಷ್ಟೇ ತಯಾರಾದದ್ದು. ವರ್ಕ್‌ಶಾಪಿಗೆಂದು ಮಾರುವುದನ್ನೇ ಕೊಳ್ಳಬೇಕು. ಗಾಡಿ ನಿಂತ ಕೂಡಲೇ ಹೌಸಿಂಗಿನ ಕೆಳಭಾಗಕ್ಕೆ, ಒಳಗೆ ಆಯಿಲ್ ತಾಗುವ ಜಾಗಕ್ಕೆ, ಪ್ರತಿ ಸಲ ಒಂದೇ ಕಡೆ ಗುರಿ ಹಿಡಿಯಬೇಕು. ಹೊಳೆಯುವ ಲೋಹಕ್ಕೆ ಹಿಡಿದರೆ ಅದು ಕಡಿಮೆ ತೋರಿಸುತ್ತದೆ. ಪೇಂಟ್ ಇರುವ ಮಂಕಾದ ಜಾಗ ಸರಿ. ಹೊರಮೈ ಒಳಗಿನ ಆಯಿಲ್‌ಗಿಂತ ತಣ್ಣಗೇ ಇರುತ್ತದೆ, ಅದನ್ನೂ ನೆನಪಿಡಿ.

ಒಂದು ದಿನದ ಸಂಖ್ಯೆಯಿಂದ ಹೆಚ್ಚೇನೂ ತಿಳಿಯುವುದಿಲ್ಲ. ಅದೇ ರೂಟ್, ಅದೇ ಲೋಡ್, ಅದೇ ಜಾಗದಲ್ಲಿ ನಿಲ್ಲಿಸಿ ತೆಗೆದ ಅಳತೆಗಳನ್ನು ಡೈರಿಯಲ್ಲಿ ಬರೆದಿಟ್ಟರೆ ಮಾತ್ರ ಅದಕ್ಕೆ ಅರ್ಥ. ಜೊತೆಗೆ ಹೊರಗಿನ ಗಾಳಿಯ ಬಿಸಿಯನ್ನೂ ಬರೆಯಬೇಕು. ಗಾಳಿಗಿಂತ ಯಾವಾಗಲೂ 45 ಡಿಗ್ರಿ ಮೇಲೆ ಇರುತ್ತಿದ್ದ ಹೌಸಿಂಗ್ ಇದ್ದಕ್ಕಿದ್ದಂತೆ 65 ಡಿಗ್ರಿ ಮೇಲೆ ಹೋದರೆ ಒಳಗೆ ಏನೋ ಬದಲಾಗಿದೆ. ಕ್ರೌನ್ ಪಿನಿಯನ್ ಕೂಗಲು ಶುರುಮಾಡುವ ಮೊದಲೇ ಬಿಸಿ ಏರಿರುವುದುಂಟು. ಸದ್ದು ಬಂದಮೇಲೆ ವರ್ಕ್‌ಶಾಪಿಗೆ ಹೋದರೆ ಹಲವು ಸಲ ಹಲ್ಲು ಆಗಲೇ ಹಾಳಾಗಿರುತ್ತದೆ. ಹೌಸಿಂಗ್ ಸರಿಯಿದ್ದು ಒಂದೇ ಬದಿಯ ಹಬ್ (ಚಕ್ರದ ನಡುಭಾಗ) ಬಿಸಿಯಾಗಿದ್ದರೆ ಹುಡುಕಬೇಕಾದದ್ದು ಬ್ರೇಕ್ ಹಿಡಿದುಕೊಂಡಿದೆಯೇ, ವೀಲ್ ಬೇರಿಂಗ್ ಹೋಗಿದೆಯೇ ಎಂದು.

ಬಿಸಿ ಏರಲು ಕಾರಣಗಳು ಬಹಳ ಸಲ ಸಣ್ಣವೇ. ಆಯಿಲ್ ಮಟ್ಟ ಫಿಲ್ಲರ್ ತೂತಿನ ಕೆಳ ಅಂಚಿಗೆ ಸಮ ಇರಬೇಕು, ಗಾಡಿ ಸಮತಟ್ಟು ಜಾಗದಲ್ಲಿ ನಿಂತಿರಬೇಕು. ಬೆರಳು ಹಾಕಿದರೆ ತುದಿಗೆ ಆಯಿಲ್ ತಾಗಿತು ಎಂದರೆ ಸಾಲದು. ಹೆಚ್ಚಿಗೆ ತುಂಬಿದರೂ ಕೆಡುಕೇ. ಕ್ರೌನ್ ಅಷ್ಟೂ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ, ಆ ಕಡೆತದಿಂದಲೇ ಬಿಸಿ ಹುಟ್ಟುತ್ತದೆ. ಸಂಡೂರು, ಹೊಸಪೇಟೆ ಕಡೆ ಅದಿರು ಸಾಗಿಸುವ ಲಾರಿಗಳ ಹೌಸಿಂಗ್ ಮೇಲೆ ಕೆಂಪು ಧೂಳು ಆಯಿಲ್ ಜಿಡ್ಡಿಗೆ ಅಂಟಿ ಗಟ್ಟಿ ಪದರವಾಗುತ್ತದೆ. ಬಿಸಿ ಹೊರಹೋಗಲು ಇರುವ ಒಂದೇ ದಾರಿ ಆ ಹೊರಮೈ, ಅದೂ ಮುಚ್ಚಿಹೋಗುತ್ತದೆ. ಕೆರೆದು ತೊಳೆಯಲು ದುಡ್ಡೇನೂ ಬೇಕಿಲ್ಲ.

ಟೈರಿನ ವಿಷಯ ಜಾಸ್ತಿ ಜನ ಗಮನಿಸುವುದಿಲ್ಲ. ಒಂದು ಬದಿಗೆ ಹೊಸ ಟೈರ್, ಇನ್ನೊಂದು ಬದಿಗೆ ಸವೆದ ಟೈರ್ ಹಾಕಿದರೆ ನೇರ ರಸ್ತೆಯಲ್ಲೂ ಎರಡು ಬದಿಯ ಸುತ್ತುಗಳು ಬೇರೆಬೇರೆ. ತಿರುವಿನಲ್ಲಿ ಅಷ್ಟಿಷ್ಟು ತಿರುಗಲೆಂದು ಮಾಡಿದ ಸ್ಪೈಡರ್ ಗೇರ್‌ಗಳು ಆಗ ಬೆಂಗಳೂರಿನವರೆಗೂ ತಿರುಗುತ್ತಲೇ ಇರುತ್ತವೆ. ಎರಡು ಡ್ರೈವ್ ಎಕ್ಸೆಲ್ ಇರುವ ಲಾರಿಯಲ್ಲಿ ಮುಂದಿನ ಎಕ್ಸೆಲ್‌ಗೂ ಹಿಂದಿನದಕ್ಕೂ ಇದೇ ಮಾತು. ಒಣ ರಸ್ತೆಯಲ್ಲಿ, ಎರಡೂ ಚಕ್ರಗಳನ್ನು ಒಟ್ಟಿಗೇ ತಿರುಗುವಂತೆ ಬಿಗಿಯುವ ಡಿಫರೆನ್ಶಿಯಲ್ ಲಾಕ್ ಹಾಕಿಕೊಂಡೇ ಓಡಿಸಿದರೆ ಇನ್ನೂ ಕಷ್ಟ.

ಮಳೆಗಾಲದಲ್ಲಿ ಬ್ರೀದರ್ ನೋಡಲೇಬೇಕು. ಹೌಸಿಂಗ್ ಮೇಲಿನ ಈ ಪುಟ್ಟ ಕಿಂಡಿ ಕೆಸರಿನಿಂದ ಮುಚ್ಚಿದರೆ ಬಿಸಿಗೆ ಹಿಗ್ಗಿದ ಗಾಳಿ ಸೀಲ್ ಮೂಲಕ ಆಯಿಲನ್ನು ಹೊರಗೆ ತಳ್ಳುತ್ತದೆ. ಅದು ಬ್ರೇಕ್ ಲೈನರ್ ಮೇಲೆ ಹರಿದರೆ ಘಾಟಿ ಇಳಿಯುವಾಗ ಜೀವಕ್ಕೇ ಅಪಾಯ. ನೆರೆ ನೀರಿನಲ್ಲಿ ಇಳಿದಾಗ ಆಗುವುದು ಇದರ ಉಲ್ಟಾ. 90 ಡಿಗ್ರಿಯ ಒಳಗಾಳಿ 30 ಡಿಗ್ರಿಗೆ ತಣಿದರೆ ಆರನೇ ಒಂದು ಭಾಗ ಕುಗ್ಗುತ್ತದೆ, ಆ ಜಾಗಕ್ಕೆ ನೀರು ಎಳೆದುಕೊಳ್ಳುತ್ತದೆ. ಮರುದಿನ ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ಪೂರ್ತಿ ಬದಲಿಸಬೇಕು. ಬ್ರೀದರಿಗೆ ಒಂದು ರಬ್ಬರ್ ಪೈಪ್ ಜೋಡಿಸಿ ಚಾಸಿಯ ಮೇಲ್ಮಟ್ಟಕ್ಕೆ ಒಯ್ದರೆ ಈ ಕಾಟ ಬಹಳ ಕಡಿಮೆಯಾಗುತ್ತದೆ.

ಆಯಿಲ್ ಇಳಿಸಿದಾಗ ಡ್ರೈನ್ ಪ್ಲಗ್ಗಿನ ಅಯಸ್ಕಾಂತ ಒರೆಸುವ ಮೊದಲು ನೋಡಿ. ನುಣ್ಣನೆಯ ಬೂದು ಕೆಸರು ಸಹಜ ಸವೆತ. ಕೈಗೆ ಚುಚ್ಚುವ ಚೂರು ಸಿಕ್ಕರೆ ಹಲ್ಲು ಅಥವಾ ಬೇರಿಂಗ್ ಒಡೆಯುತ್ತಿದೆ. ಹೊಸ ಕ್ರೌನ್ ಪಿನಿಯನ್ ಕೂರಿಸಿದ ಗಾಡಿಗೆ ಮೊದಲ ಕೆಲವು ಟ್ರಿಪ್ ಹಗುರ ಲೋಡ್ ಕೊಡಿ, ಆಗಾಗ ನಿಲ್ಲಿಸಿ ಬಿಸಿ ಅಳೆಯಿರಿ. ಹೊಸ ಹಲ್ಲು ಹೊಂದಿಕೊಳ್ಳುವಾಗ ಸ್ವಲ್ಪ ಜಾಸ್ತಿ ಕಾಯುವುದು ಸಹಜ, ದಿನ ಕಳೆದಂತೆ ಇಳಿಯಬೇಕು. ಇಳಿಯದೆ ಪಿನಿಯನ್ ಬೇರಿಂಗ್ ಇರುವ ಮೂತಿಯ ಭಾಗವೇ ಹೆಚ್ಚು ಬಿಸಿಯಾಗುತ್ತಿದ್ದರೆ ಬೇರಿಂಗನ್ನು ಅತಿಯಾಗಿ ಬಿಗಿದಿರುವ ಸಾಧ್ಯತೆ ಹೆಚ್ಚು. ಮುಂದಿನ ಘಾಟಿಗೆ ಕಳಿಸುವ ಮೊದಲೇ ಅದನ್ನು ಬಿಚ್ಚಿಸಿ ಸರಿಮಾಡಿಸಿ.