ಇಲಿಗೆ ತಿನಿಸು ಹಾಕುವ ಬಿಲ್ಲೆಯ ಕಥೆ

1930ರ ಆಸುಪಾಸು. ಹಾರ್ವರ್ಡ್‌ನಲ್ಲಿ ಓದುತ್ತಿದ್ದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್‌ಗೆ ಇಲಿಗಳ ನಡವಳಿಕೆ ಅಳೆಯಬೇಕಿತ್ತು. ಅದಕ್ಕೆ ಬೇಕಾದ ಯಂತ್ರ ಯಾವ ಅಂಗಡಿಯಲ್ಲೂ ಇರಲಿಲ್ಲ, ಹಾಗಾಗಿ ತಾವೇ ಕೂತು ಮಾಡಿಕೊಂಡರು. ತಿನಿಸು ಹಾಕುವ ಭಾಗಕ್ಕೆ ಬಳಸಿದ್ದು ಹಳೆ ಸಾಮಾನಿನ ಕೋಣೆಯಲ್ಲಿ ಸಿಕ್ಕ ಒಂದು ಮರದ ಬಿಲ್ಲೆ. ಬಿಲ್ಲೆ ತಿರುಗಿದಂತೆ ತಿನಿಸು ಒಂದೊಂದೇ ಕೆಳಗೆ ಬೀಳುತ್ತದೆ. ಅದರ ನಡುವೆ ಒಂದು ಕಡ್ಡಿ ಚಾಚಿಕೊಂಡಿತ್ತು, ಕತ್ತರಿಸುವ ಗೋಜಿಗೆ ಅವರು ಹೋಗಿರಲಿಲ್ಲ. ಒಂದು ದಿನ ಆ ಕಡ್ಡಿಗೆ ದಾರ ಸುತ್ತಿ ನೋಡಿದರು. ಬಿಲ್ಲೆ ತಿರುಗಿದಷ್ಟೂ ದಾರ ಬಿಚ್ಚಿಕೊಂಡು ಕಾಗದದ ಮೇಲೆ ಗೆರೆ ಮೂಡುತ್ತಾ ಹೋಯಿತು. ಇಲಿ ಎಷ್ಟು ಬೇಗ ಕೆಲಸ ಮಾಡುತ್ತಿದೆ ಅನ್ನುವುದು ಆ ಗೆರೆಯ ಓಟದಲ್ಲೇ ಕಾಣುತ್ತಿತ್ತು.

ಇನ್ನೊಂದು ಮಜಾ ಇದೆ. ತಿನಿಸಿನ ಗುಳಿಗೆಯನ್ನೂ ಅವರೇ ಕೈಯಾರೆ ಮಾಡಬೇಕಿತ್ತು. ಒಂದು ಶನಿವಾರ ನೋಡಿದರೆ, ಇರುವ ಗುಳಿಗೆ ಸೋಮವಾರ ಬೆಳಗ್ಗೆಗೆ ಖಾಲಿ. ಇಲಿ ಲಿವರ್ (ಸಣ್ಣ ಹಿಡಿಕೆ) ಒತ್ತಿದರೆ ಗುಳಿಗೆ ಬೀಳುವಂತಿತ್ತು; ಪ್ರತಿ ಸಲ ಒತ್ತಿದಾಗಲೂ ಯಾಕೆ ಕೊಡಬೇಕು, ನಿಮಿಷಕ್ಕೊಂದು ಕೊಟ್ಟರೆ ಸಾಲದಾ ಅಂದುಕೊಂಡರು. ಆಗೊಮ್ಮೆ ಈಗೊಮ್ಮೆ ಬಹುಮಾನ ಕೊಟ್ಟರೆ ಪ್ರಾಣಿ ಹೇಗೆ ವರ್ತಿಸುತ್ತದೆ ಅನ್ನುವ ದೊಡ್ಡ ಅಧ್ಯಾಯ ಶುರುವಾಗಿದ್ದು ಹೀಗೆ. ಯಂತ್ರ ತಾವೇ ಮಾಡಿದ್ದರಿಂದಲೇ ಇದೆಲ್ಲ ಹೊಳೆಯಿತು ಅಂತ ನನಗನಿಸುತ್ತದೆ. ಸೀಲ್ ಮಾಡಿದ ಡಬ್ಬಿ ಆಗಿದ್ದರೆ ಕಡ್ಡಿಗೆ ದಾರ ಸುತ್ತುವವರು ಯಾರು?

ಆಮೇಲೆ ಬಂದಿದ್ದು ಸೀಲ್ ಮಾಡಿದ ಡಬ್ಬಿಯೇ. ಇಲಿಯನ್ನು ಒಳಗಿಟ್ಟು ಪ್ರಯೋಗ ಮಾಡುವ ಇಂಥ ಪೆಟ್ಟಿಗೆಗಳನ್ನು ಕಂಪನಿಗಳು ತಯಾರಿಸತೊಡಗಿದವು. ಲಾಭ ಇತ್ತು, ಇಲ್ಲ ಅಂತಲ್ಲ: ಬೇರೆ ಬೇರೆ ಲ್ಯಾಬ್‌ಗಳಲ್ಲಿ ಒಂದೇ ಥರದ ಪೆಟ್ಟಿಗೆ ಇದ್ದರೆ ಫಲಿತಾಂಶ ಹೋಲಿಸುವುದು ಸುಲಭ. ಆದರೆ ಪೆಟ್ಟಿಗೆಯನ್ನು ಕಂಪ್ಯೂಟರಿಗೆ ಜೋಡಿಸಲು ಅದೇ ಕಂಪನಿಯ ಕಾರ್ಡ್ ಬೇಕು, ಕಾರ್ಡ್‌ಗೆ ಅದೇ ಕಂಪನಿಯ ಸಾಫ್ಟ್‌ವೇರ್ ಬೇಕು, ಸಾಫ್ಟ್‌ವೇರ್‌ಗೆ ಲೈಸೆನ್ಸ್ ಬೇಕು, ಹೊಸ ಪ್ರಯೋಗ ತಲೆಗೆ ಬಂದರೆ ಮೊದಲು ಕ್ಯಾಟಲಾಗ್ ತೆಗೆದು ಅದು ಸಾಧ್ಯವಾ ಅಂತ ನೋಡಬೇಕು.

ಗಾಳಿ ತಿರುಗಿದ್ದು ಇಂಥ ಪ್ರಯೋಗ ನಡೆಸುವ ನರವಿಜ್ಞಾನದಿಂದಲ್ಲ, ಹೊರಗಿನಿಂದ. 2005ರಲ್ಲಿ ಇಟಲಿಯ ಒಂದು ವಿನ್ಯಾಸ ಶಾಲೆಯಲ್ಲಿ ಮೋಟಾರ್, ಸೆನ್ಸರ್ ನಡೆಸುವ ಅಗ್ಗದ ಸರ್ಕ್ಯೂಟ್ ಬೋರ್ಡ್ ಆರ್ಡುಯಿನೊ ಹುಟ್ಟಿತು, 2012ರಲ್ಲಿ ಅಂಗೈಯಗಲದ ಕಂಪ್ಯೂಟರ್ ರಾಸ್‌ಬೆರಿ ಪೈ ಬಂತು, ಅಷ್ಟರಲ್ಲಿ 3ಡಿ ಪ್ರಿಂಟರ್ ಕೂಡ ಅಗ್ಗವಾಗುತ್ತಿತ್ತು. ನಮ್ಮ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರಸ್ತೆಯಲ್ಲಿ ಸಿಗುವ ಸಾಮಾನಿನಲ್ಲೇ ಸುಮಾರು ಕೆಲಸ ಆಗುತ್ತದೆ ಅನ್ನೋ ಹಂತ. ಎಂಐಟಿಯಲ್ಲಿ ಇಬ್ಬರು ವಿದ್ಯಾರ್ಥಿಗಳು ನರಕೋಶಗಳ ಸಿಗ್ನಲ್ ಹಿಡಿಯುವ ಉಪಕರಣದ ವಿನ್ಯಾಸವನ್ನು ಓಪನ್ ಇಫಿಸ್ ಹೆಸರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟರು. ಲಿಸ್ಬನ್‌ನಿಂದ ಬೊನ್ಸಾಯ್ ಬಂತು. ಕ್ಯಾಮೆರಾ, ಸೆನ್ಸರ್ ಎಲ್ಲವನ್ನೂ ಒಟ್ಟಿಗೆ ನಡೆಸುವ ಸಾಫ್ಟ್‌ವೇರ್ ಅದು. ಪ್ರಾಣಿಯ ತಲೆ ಮೇಲೆ ಕೂತು ಮಿದುಳಿನ ಕೋಶಗಳನ್ನು ನೋಡುವ ಪುಟ್ಟ ಸೂಕ್ಷ್ಮದರ್ಶಕದ ಕಥೆ ಇನ್ನೂ ಸ್ಪಷ್ಟ. ಸ್ಟ್ಯಾನ್‌ಫರ್ಡ್ ತಂಡ 2011ರಲ್ಲಿ 1.9 ಗ್ರಾಂ ತೂಕದ್ದನ್ನು ಮಾಡಿ ತೋರಿಸಿತು, ಅದು ಕಂಪನಿಯ ಸರಕಾಯಿತು. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ತಂಡ ತನ್ನದೇ ಮಿನಿಸ್ಕೋಪ್ ಮಾಡಿ, ನಕ್ಷೆಗಳನ್ನೆಲ್ಲ ಯಾರು ಬೇಕಾದರೂ ಇಳಿಸಿಕೊಳ್ಳಿ ಅಂತ ಇಟ್ಟುಬಿಟ್ಟಿತು.

ಇಷ್ಟೆಲ್ಲ ಎಲ್ಲೆಲ್ಲೋ ಚದುರಿತ್ತು. ಅದನ್ನು ಒಂದೆಡೆ ತರಲು ಮಾರ್ಕ್ ಲಾಬಾಕ್ ಮತ್ತು ಲೆಕ್ಸ್ ಕ್ರಾವಿಟ್ಜ್ ಅಮೆರಿಕದಲ್ಲಿ 2016ರಲ್ಲಿ ಓಪನ್‌ಬಿಹೇವಿಯರ್ ಅನ್ನುವ ಜಾಲತಾಣ ಶುರು ಮಾಡಿದರು. ಕ್ರಾವಿಟ್ಜ್ ಲ್ಯಾಬಿನಿಂದಲೇ ಬಂದದ್ದು ಫೆಡ್3, ತಿನಿಸು ಹಾಕುವ ಯಂತ್ರ. ಅಂಗೈಯಲ್ಲಿ ಹಿಡಿಯುವಂಥ ಡಬ್ಬಿ, ಸಣ್ಣ ಇಲಿಯ (ಮೌಸ್) ಗೂಡಿನೊಳಗೇ ಇಡಬಹುದು. ಮೂತಿ ತೂರಿಸಲು ಎರಡು ತೂತು. ಸರಿಯಾದ ತೂತಿಗೆ ಮೂತಿ ಹಾಕಿದರೆ ಒಳಗಿನ ಪುಟ್ಟ ಮೋಟಾರ್ ಒಂದು ಬಿಲ್ಲೆ ತಿರುಗಿಸುತ್ತದೆ, ಗುಳಿಗೆ ಬೀಳುತ್ತದೆ, ಇಲಿ ಅದನ್ನು ಎತ್ತಿಕೊಂಡ ಕ್ಷಣ ಮೆಮೊರಿ ಕಾರ್ಡಿನಲ್ಲಿ ದಾಖಲಾಗುತ್ತದೆ. ಹೌದು, ಮತ್ತೆ ಅದೇ ಬಿಲ್ಲೆ! ಈ ಸಲ ಪ್ಲಾಸ್ಟಿಕ್‌ನದು, ಮತ್ತು ಅದರ ಅಳತೆ ಯಾರಿಗೆ ಬೇಕಾದರೂ ಸಿಗುತ್ತದೆ. ಸ್ಕಿನ್ನರ್ ಬಿಲ್ಲೆಗೂ ಇದಕ್ಕೂ ಇರುವ ನಿಜವಾದ ವ್ಯತ್ಯಾಸ ಇಷ್ಟೇ. ಅಗ್ಗ ಅನ್ನುವುದನ್ನೇ ಎಲ್ಲರೂ ಹೇಳುತ್ತಾರೆ, ನನಗೆ ಅದು ಎರಡನೇ ಮಾತು.

ವಿಡಿಯೊ ವಿಷಯದಲ್ಲಿ ಬದಲಾವಣೆ ಇನ್ನೂ ಜೋರು. ಮೊದಲೆಲ್ಲ ವಿದ್ಯಾರ್ಥಿಗಳು ಸ್ಟಾಪ್‌ವಾಚ್ ಹಿಡಿದು ಗಂಟೆಗಟ್ಟಲೆ ವಿಡಿಯೊ ನೋಡಿ, ಇಲಿ ಎಷ್ಟು ಹೊತ್ತು ಮೂಸಿತು, ಎಷ್ಟು ಹೊತ್ತು ಸುಮ್ನೆ ನಿಂತಿತ್ತು ಅಂತ ಬರೆದುಕೊಳ್ಳುತ್ತಿದ್ದರು. 2018ರಲ್ಲಿ ಡೀಪ್‌ಲ್ಯಾಬ್‌ಕಟ್ ಅನ್ನುವ ಸಾಫ್ಟ್‌ವೇರ್ ಬಂತು. ಸುಮಾರು 200 ಚಿತ್ರಗಳಲ್ಲಿ ಮೂತಿ, ಕಿವಿ, ಬಾಲದ ಬುಡ ಎಲ್ಲಿದೆ ಅಂತ ಗುರುತು ಹಾಕಿ ಕಲಿಸಿದರೆ, ಉಳಿದ ವಿಡಿಯೊದಲ್ಲೆಲ್ಲ ಅದೇ ಹುಡುಕಿಕೊಡುತ್ತದೆ.

ಪಾಠದ ಮಟ್ಟಿಗೆ ನನಗೆ ಇಷ್ಟವಾಗುವುದು ಬ್ಯಾಕ್‌ಯಾರ್ಡ್ ಬ್ರೇನ್ಸ್ ಕಂಪನಿಯವರ ಸ್ಪೈಕರ್‌ಬಾಕ್ಸ್, ನರದ ಸಿಗ್ನಲ್ ಕೇಳಿಸುವ ಪುಟ್ಟ ಉಪಕರಣ. ಐಸ್ ನೀರಲ್ಲಿ ಮರಗಟ್ಟಿಸಿದ ಜಿರಳೆಯ ಒಂದು ಕಾಲಿಗೆ ಎರಡು ಪಿನ್ನು ಚುಚ್ಚಿ, ಕಾಲಿನ ಮುಳ್ಳನ್ನು ಕಡ್ಡಿಯಿಂದ ಮುಟ್ಟಿದರೆ ಸ್ಪೀಕರಿನಿಂದ ಚಟಪಟ ಸದ್ದು ಬರುತ್ತದೆ, ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ. ಅದು ನರದ ಸದ್ದು. ಪುಸ್ತಕದಲ್ಲಿ ಹತ್ತು ಪುಟ ಓದಿದರೂ ಆಗದ್ದು ಅಲ್ಲಿ ಆಗುತ್ತದೆ ಅಲ್ವಾ?

ಎಲ್ಲ ಸಲೀಸು ಅಂತಲ್ಲ. ಸರ್ಕ್ಯೂಟ್ ಕೆಟ್ಟರೆ ಫೋನ್ ಮಾಡಲು ಸರ್ವಿಸ್ ಸೆಂಟರ್ ಇಲ್ಲ. ಕೋಡ್ ಬರೆದ ವಿದ್ಯಾರ್ಥಿ ಪಿಎಚ್‌ಡಿ ಮುಗಿಸಿ ಹೊರಟರೆ ಎಷ್ಟೋ ಉಪಕರಣ ಅಲ್ಲಿಗೇ ನಿಂತುಹೋಗುತ್ತದೆ. ಬೆಸುಗೆ ಹಾಕಲು ಬಾರದ ಲ್ಯಾಬ್‌ಗಳಿಗಾಗಿ ಫೆಡ್3 ಈಗ ಜೋಡಿಸಿದ ಸ್ಥಿತಿಯಲ್ಲೇ ಮಾರಾಟಕ್ಕೂ ಇದೆ. ಇನ್ನು ಅದಕ್ಕೆ ಹಾಕುವ 20 ಮಿಲಿಗ್ರಾಂ ಗುಳಿಗೆ ಎಲ್ಲ ಒಂದೇ ಗಾತ್ರ ಇರಬೇಕು, ಇಲ್ಲದಿದ್ದರೆ ಬಿಲ್ಲೆ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಬಿಲ್ಲೆಯನ್ನು ಲ್ಯಾಬಿನಲ್ಲೇ ಪ್ರಿಂಟ್ ಮಾಡಿಕೊಂಡವರೂ ಗುಳಿಗೆಯನ್ನು ಮಾತ್ರ ಕೊಂಡೇ ತರುತ್ತಾರೆ.