ಚಪ್ಪಾಳೆ ನಿಂತ ಮೇಲೆ ರೋಗಿಯ ಕೈಯಲ್ಲಿ ಉಳಿಯುವುದು

ದೀರ್ಘಕಾಲದ ಕಾಯಿಲೆಗಳಿಗೆ ಚಿಕಿತ್ಸೆ ನೀಡುವ ವೈದ್ಯನಾದ ನನಗೆ ಈಚಿನ ವರ್ಷಗಳಲ್ಲಿ ಪದೇ ಪದೇ ಕೇಳಿಬರುವ ಮಾತೊಂದಿದೆ: “ಡಾಕ್ಟ್ರೇ, ಮೊನ್ನೆ ಒಂದು ಭಾಷಣ ಕೇಳಿದೆ, ಬಹಳ ಧೈರ್ಯ ಬಂತು.” ಇದರ ಮುಂದಿನ ವಾಕ್ಯಕ್ಕಾಗಿ ನಾನು ಸ್ವಲ್ಪ ಆತಂಕದಿಂದಲೇ ಕಾಯುತ್ತೇನೆ. ಕೆಲವರು “ಅದಕ್ಕೇ ಬಿಪಿ ಮಾತ್ರೆ ಬಿಟ್ಟುಬಿಟ್ಟೆ” ಎನ್ನುತ್ತಾರೆ. ಇನ್ನು ಕೆಲವರು ಮಡಿಚಿಟ್ಟುಕೊಂಡ ಕಾಗದವನ್ನು ಬಿಡಿಸಿ, “ಅದಕ್ಕೇ ನಿಮ್ಮನ್ನು ಕೇಳಬೇಕಾದ್ದನ್ನೆಲ್ಲ ಬರೆದುಕೊಂಡು ಬಂದೆ” ಎನ್ನುತ್ತಾರೆ. ಇಬ್ಬರೂ ಕೇಳಿದ್ದು ಒಂದೇ ಭಾಷಣವಾಗಿದ್ದರೂ ಆಶ್ಚರ್ಯವಿಲ್ಲ. ಆರೋಗ್ಯದ ಬಗೆಗಿನ ಇಂಥ ಸ್ಫೂರ್ತಿಯ ಭಾಷಣದ ಬೆಲೆಯನ್ನು ಅದು ಹುಟ್ಟಿಸಿದ ಹುರುಪಿನಿಂದ ಅಳೆಯಲಾಗದು, ಮುಂದಿನ ಭೇಟಿಯಲ್ಲಿ ಕೇಳುಗರು ಎತ್ತುವ ಪ್ರಶ್ನೆಯಿಂದ ಅಳೆಯಬೇಕು ಎಂಬ ತೀರ್ಮಾನಕ್ಕೆ ನಾನು ಬಂದಿರುವುದು ಈ ಎರಡು ಬಗೆಯ ರೋಗಿಗಳನ್ನು ನೋಡಿಯೇ.

ತಮ್ಮ ಚಿಕಿತ್ಸೆಯಲ್ಲಿ ರೋಗಿಗಳ ಪಾಲುದಾರಿಕೆಯ ಬಗ್ಗೆ ಬಹಳ ಜನ ಕೇಳಿರುವ ಭಾಷಣಗಳಲ್ಲಿ ಅಮೆರಿಕದ ಡೇವ್ ಡಿಬ್ರಾಂಕಾರ್ಟ್ ಅವರು 2011ರಲ್ಲಿ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ಮಾಡಿದ್ದೂ ಒಂದು. 2007ರಲ್ಲಿ ಅವರಿಗೆ ಮೂತ್ರಪಿಂಡದ ಕ್ಯಾನ್ಸರ್ ಇರುವುದು ಪತ್ತೆಯಾದಾಗ ಅದು ಆಗಲೇ ದೇಹದ ಬೇರೆಡೆಗೂ ಹರಡಿತ್ತು. ಅದೇ ಕಾಯಿಲೆಯವರು ಅಂತರಜಾಲದಲ್ಲಿ ಕಟ್ಟಿಕೊಂಡಿದ್ದ ಗುಂಪಿನಿಂದ, ದೇಹದ ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ಇಂಟರ್‌ಲ್ಯೂಕಿನ್ ಎಂಬ ಔಷಧದ ಚಿಕಿತ್ಸೆಯ ವಿವರಗಳು ಅವರಿಗೆ ಸಿಕ್ಕವು. ಆ ಗುಂಪನ್ನು ಸೇರುವಂತೆ ಹೇಳಿದವರು ಅವರ ವೈದ್ಯರೇ. ಕೇಳುಗರು ಇದನ್ನು ಸಾಮಾನ್ಯವಾಗಿ ಛಲ ಗೆದ್ದ ಕಥೆಯೆಂದು ನೆನಪಿಟ್ಟುಕೊಳ್ಳುತ್ತಾರೆ. ವೈದ್ಯನಾಗಿ ನನಗೆ ಅದರಲ್ಲಿ ಕಾಣುವುದು ಬೇರೆ: ಶಸ್ತ್ರಚಿಕಿತ್ಸೆ, ಪ್ರಬಲವಾದ ಔಷಧ, ಆ ಔಷಧದ ಅಡ್ಡಪರಿಣಾಮಗಳನ್ನು ಅನುಭವಿಸಿದವರು ಮೊದಲೇ ಕೊಟ್ಟ ಎಚ್ಚರಿಕೆಗಳು, ಮತ್ತು “ನನಗೆ ತಿಳಿಯದ್ದನ್ನು ಅಲ್ಲಿ ಕೇಳಿ ನೋಡಿ” ಎನ್ನಲು ಹಿಂಜರಿಯದ ಒಬ್ಬ ವೈದ್ಯರು. ಆ ಔಷಧ ಪೂರ್ಣ ಫಲ ಕೊಡುವುದು ಕೆಲವೇ ಕೆಲವು ರೋಗಿಗಳಲ್ಲಿ ಎಂಬುದನ್ನೂ ಮರೆಯಬಾರದು. ಅಷ್ಟೇ ಛಲದಿಂದ ಅದೇ ಚಿಕಿತ್ಸೆ ಪಡೆದು ಉಳಿಯದೇ ಹೋದವರಿಗೆ ವೇದಿಕೆ ಏರುವ ಅವಕಾಶ ಇರುವುದಿಲ್ಲವಲ್ಲ.

ನಾನು ಈ ವಿಷಯವನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಸ್ತನ ಕ್ಯಾನ್ಸರ್ ಮರುಕಳಿಸಿದ್ದ ಮಹಿಳೆಯೊಬ್ಬರು ಒಮ್ಮೆ ತಮ್ಮ ಸಕ್ಕರೆ ಕಾಯಿಲೆಯ ತಪಾಸಣೆಗೆಂದು ಬಂದವರು, ಮಾತು ಮುಗಿದ ಮೇಲೂ ಎದ್ದು ಹೋಗದೆ, “ನಾನು ಮನಸ್ಸನ್ನು ಗಟ್ಟಿಯಾಗಿ ಇಟ್ಟುಕೊಳ್ಳಲಿಲ್ಲ, ಅಳುತ್ತಿದ್ದೆ, ಅದಕ್ಕೇ ಮತ್ತೆ ಬಂತೇನೋ?” ಎಂದು ಕೇಳಿದರು. ಮನಸ್ಸು ಗಟ್ಟಿಯಿದ್ದರೆ ಕ್ಯಾನ್ಸರನ್ನೂ ಗೆಲ್ಲಬಹುದೆಂದು ಹೇಳುವ ಭಾಷಣಗಳನ್ನು ಅವರು ತಿಂಗಳುಗಟ್ಟಲೆ ಕೇಳಿದ್ದರು. ಈ ನಂಬಿಕೆ ಇಷ್ಟು ಬೇರೂರಲು ಒಂದು ಹಿನ್ನೆಲೆಯಿದೆ. ಹರಡಿದ ಸ್ತನ ಕ್ಯಾನ್ಸರ್ ಇರುವ ಮಹಿಳೆಯರು ಒಟ್ಟಾಗಿ ಕೂತು ಮನಬಿಚ್ಚಿ ಮಾತಾಡುವ ಗುಂಪು ಚಿಕಿತ್ಸೆಯು ಆಯಸ್ಸನ್ನೂ ಹೆಚ್ಚಿಸುತ್ತದೆಂದು 1989ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತ್ತು. ಅದನ್ನೇ 235 ಮಹಿಳೆಯರಲ್ಲಿ ಮತ್ತೆ ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದಾಗ ಆಯಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಮನಸ್ಸಿನ ಸಂಕಟ ತಗ್ಗಿತ್ತು, ನೋವು ಕಾಡುವ ತೀವ್ರತೆಯೂ ಕಡಿಮೆಯಾಗಿತ್ತು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ಇದ್ದ 1,093 ಮಂದಿಯ ಬಗ್ಗೆ 2007ರಲ್ಲಿ ಹೊರಬಂದ ವಿಶ್ಲೇಷಣೆಯಲ್ಲೂ ರೋಗಿಯ ಮನಃಸ್ಥಿತಿಗೂ ಬದುಕುಳಿಯುವುದಕ್ಕೂ ಸಂಬಂಧ ಕಂಡುಬರಲಿಲ್ಲ. ನಾನು ಆ ಮಹಿಳೆಗೆ ಈ ಅಂಕಿಗಳನ್ನು ಒಪ್ಪಿಸಲಿಲ್ಲ; ಅಳುವುದರಿಂದ ಯಾರ ಕ್ಯಾನ್ಸರೂ ಮರಳಿ ಬರುವುದಿಲ್ಲ ಎಂದಷ್ಟೇ ಹೇಳಿದೆ. ಅವರು ಅಂದು ಮೊದಲ ಸಲ ನನ್ನೆದುರು ನಿರಾಳವಾಗಿ ಅತ್ತರು.

ಕ್ಷೇಮಕ್ಕೆ ಸಂಬಂಧಿಸಿದ ಎಲ್ಲ ಭಾಷಣಗಳೂ ಒಂದೇ ತೂಕದವಲ್ಲ. ಎದೆಯುಬ್ಬಿಸಿ ಎರಡು ನಿಮಿಷ ನಿಂತರೆ ದೇಹದ ಹಾರ್ಮೋನುಗಳೇ ಬದಲಾಗುತ್ತವೆ ಎಂದು 2012ರಲ್ಲಿ ಪ್ರಸಿದ್ಧವಾದ ಭಾಷಣದ ಮಾತು ದೊಡ್ಡ ಗುಂಪಿನಲ್ಲಿ ಮತ್ತೆ ಪರೀಕ್ಷಿಸಿದಾಗ ನಿಲ್ಲಲಿಲ್ಲ. ಇದಕ್ಕೆ ಹೋಲಿಸಿದರೆ ಹಾರ್ವರ್ಡ್‌ನಲ್ಲಿ 1938ರಲ್ಲಿ ಆರಂಭವಾಗಿ, 724 ಗಂಡಸರನ್ನು ಹದಿಹರೆಯದಿಂದ ಮುಪ್ಪಿನವರೆಗೆ ಹಿಂಬಾಲಿಸಿದ ಅಧ್ಯಯನದ ಬಗ್ಗೆ ಅದರ ನಿರ್ದೇಶಕ ರಾಬರ್ಟ್ ವಾಲ್ಡಿಂಗರ್ ಅವರು 2015ರಲ್ಲಿ ಮಾಡಿದ ಭಾಷಣಕ್ಕೆ ಗಟ್ಟಿಯಾದ ನೆಲೆಯಿದೆ. ಆಪ್ತ ಸಂಬಂಧಗಳಲ್ಲಿ ತೃಪ್ತಿ ಕಂಡವರು ಮುಪ್ಪಿನಲ್ಲಿ ಹೆಚ್ಚು ಆರೋಗ್ಯವಾಗಿದ್ದರು ಎಂಬುದು ಅದರ ಸಾರ. ಇದು ಗಂಡಸರನ್ನಷ್ಟೇ ನೋಡಿ ಹೇಳಿದ ಮಾತೆಂಬ ಮಿತಿಯನ್ನು ಒಪ್ಪಿಕೊಂಡೇ ನಾನು ಅದರಿಂದ ಒಂದು ಪಾಠ ಕಲಿತೆ: ಹೊಸ ರೋಗಿಯನ್ನು “ಮನೆಯಲ್ಲಿ ಯಾರ್ಯಾರಿದ್ದೀರಿ?” ಎಂದು ಕೇಳುತ್ತಿದ್ದವನು ಈಗ “ರಾತ್ರಿ ಹೊತ್ತಿನಲ್ಲಿ ಮೈ ಸರಿಯಿಲ್ಲದಿದ್ದರೆ ಯಾರನ್ನು ಎಬ್ಬಿಸುತ್ತೀರಿ?” ಎಂದು ಕೇಳುತ್ತೇನೆ. ತುಂಬಿದ ಮನೆಯಲ್ಲಿರುವವರೂ ಕೆಲವೊಮ್ಮೆ ಇದಕ್ಕೆ ಉತ್ತರಿಸಲು ತಡವರಿಸುತ್ತಾರೆ.

ಯಾವುದನ್ನಾದರೂ 21 ದಿನ ಮಾಡಿದರೆ ಅಭ್ಯಾಸವಾಗಿಬಿಡುತ್ತದೆ ಎಂದು ಭಾಷಣಕಾರರು ಹೇಳುವ ಲೆಕ್ಕವನ್ನೂ ಇಲ್ಲಿ ಸರಿಪಡಿಸಬೇಕು. ಲಂಡನ್ನಿನ ಸಂಶೋಧಕರು 2010ರ ಹೊತ್ತಿಗೆ ಕಂಡುಕೊಂಡಂತೆ ಹೊಸ ಅಭ್ಯಾಸವೊಂದು ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಸುಮಾರು 66 ದಿನಗಳು ಬೇಕಾಗುತ್ತವೆ. ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೂ ಬದಲಾಗಬಹುದು, ಮತ್ತು ನಡುವೆ ಒಂದು ದಿನ ತಪ್ಪಿದರೆ ಮಾಡಿದ್ದೆಲ್ಲ ಹಾಳಾಗುವುದಿಲ್ಲ. ಇಪ್ಪತ್ತೆರಡನೆಯ ದಿನ ನಡಿಗೆ ಬಿಟ್ಟು, ತನಗೆ ಮನೋಬಲವಿಲ್ಲವೆಂದು ತನ್ನನ್ನೇ ಹಳಿದುಕೊಳ್ಳುವವರಿಗೆ ಇಷ್ಟು ತಿಳಿದರೆ ಸಾಕು.

ಇನ್ನು “ರೋಗಿಯ ಸಬಲೀಕರಣ” ಎಂಬ ಮಾತು. ನಿಜ ಹೇಳಬೇಕೆಂದರೆ ಈ ಪದ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಬಲ ಎಂಬುದು ವೈದ್ಯರ ಕಪಾಟಿನಲ್ಲಿದ್ದು, ದಯೆ ಬಂದಾಗ ಅದನ್ನು ತೆಗೆದು ರೋಗಿಗೆ ಕೊಡುತ್ತಾರೆ ಎಂಬ ಧ್ವನಿ ಅದರಲ್ಲಿದೆ. ವಾಸ್ತವದಲ್ಲಿ ರೋಗಿಯ ಬಳಿ ಇರುವ ಬಲವನ್ನು ನಾವೇ ಬಾಯಿ ಹಾಕಿ ತಡೆಯುತ್ತೇವೆ. 1984ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 74 ಭೇಟಿಗಳ ಧ್ವನಿಮುದ್ರಣ ಕೇಳಿ ನೋಡಿದಾಗ, ರೋಗಿ ಮಾತು ಆರಂಭಿಸಿದ ಸರಾಸರಿ 18 ಸೆಕೆಂಡುಗಳಲ್ಲಿ ವೈದ್ಯರು ಮಧ್ಯೆ ಪ್ರವೇಶಿಸಿದ್ದರು. ಪೂರ್ತಿ ಹೇಳಲು ಅವಕಾಶ ಸಿಕ್ಕವರಲ್ಲಿ ಯಾರೂ ಎರಡೂವರೆ ನಿಮಿಷಕ್ಕಿಂತ ಹೆಚ್ಚು ತೆಗೆದುಕೊಂಡಿರಲಿಲ್ಲ. ಇದನ್ನು ಓದಿದ ಮೇಲೆ ನಾನು ನನ್ನನ್ನೇ ಗಮನಿಸಿಕೊಂಡೆ. ನನ್ನ ಲೆಕ್ಕವೂ ಹೇಳಿಕೊಳ್ಳುವಂತಿರಲಿಲ್ಲ.

ಮಾತಿನ ಇನ್ನೊಂದು ತುದಿಯಲ್ಲಿಯೂ ಸೋರಿಕೆಯಿದೆ. ವೈದ್ಯರು ಹೇಳಿದ್ದರಲ್ಲಿ ಶೇಕಡಾ 40ರಿಂದ 80ರಷ್ಟನ್ನು ರೋಗಿಗಳು ಕೂಡಲೇ ಮರೆಯುತ್ತಾರೆ, ನೆನಪಿಟ್ಟುಕೊಂಡದ್ದರಲ್ಲೂ ಅರ್ಧದಷ್ಟು ತಪ್ಪಾಗಿರುತ್ತದೆ ಎಂಬ ಅಂದಾಜು ವೈದ್ಯಕೀಯ ಬರಹಗಳಲ್ಲಿದೆ. ಆದ್ದರಿಂದ “ಅರ್ಥವಾಯಿತೇ?” ಎಂದು ಕೇಳುವುದನ್ನು ನಾನು ಬಿಟ್ಟಿದ್ದೇನೆ, ಏಕೆಂದರೆ ಅದಕ್ಕೆ ಬರುವುದು ಒಂದೇ ಉತ್ತರ. ಬದಲಿಗೆ, “ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡೋಣ, ಮನೆಯವರು ಕೇಳಿದರೆ ಈ ಮಾತ್ರೆಯ ಬಗ್ಗೆ ಏನು ಹೇಳುತ್ತೀರಿ?” ಎಂದು ಕೇಳುತ್ತೇನೆ. ಆಗ ಹೊರಬೀಳುವ ಸಂಗತಿಗಳು ಕೆಲವೊಮ್ಮೆ ಗಾಬರಿ ಹುಟ್ಟಿಸುತ್ತವೆ. ದಿನಕ್ಕೊಂದು ಬಾರಿ ತೆಗೆದುಕೊಳ್ಳಬೇಕಾದ ಮಾತ್ರೆಯನ್ನು ತಲೆನೋವು ಬಂದ ದಿನ ಮಾತ್ರ ನುಂಗುತ್ತಿದ್ದವರೊಬ್ಬರು, ರಕ್ತದೊತ್ತಡ ಏರಿದರೆ ತಲೆನೋವು ಬಂದೇ ಬರುತ್ತದೆಂದು ನಂಬಿದ್ದರು. ನಾಲ್ಕು ಭೇಟಿಗಳಲ್ಲಿ ನಾನು ಔಷಧದ ಪ್ರಮಾಣ ಏರಿಸುತ್ತಾ ಹೋಗಿದ್ದೆನೇ ಹೊರತು ಈ ಪ್ರಶ್ನೆ ಕೇಳಿರಲಿಲ್ಲ.

ರೋಗಿಗಳು ತಮ್ಮ ಬಗ್ಗೆ ವೈದ್ಯರು ಬರೆದ ಟಿಪ್ಪಣಿಗಳನ್ನು ಓದಿದರೆ ಸುಮ್ಮನೆ ಹೆದರುತ್ತಾರೆ ಎಂಬ ವಾದವನ್ನು ನಾನೂ ಹಿಂದೆ ಮಾಡಿದ್ದೇನೆ. 2010ರಲ್ಲಿ ಅಮೆರಿಕದ ಮೂರು ಕಡೆ 105 ವೈದ್ಯರು ತಮ್ಮ ಟಿಪ್ಪಣಿಗಳನ್ನು ರೋಗಿಗಳಿಗೆ ತೆರೆದಿಟ್ಟ ಪ್ರಯೋಗ ನಡೆಯಿತು. ವರ್ಷ ಮುಗಿದಾಗ ಒಬ್ಬ ವೈದ್ಯರೂ ಅದನ್ನು ನಿಲ್ಲಿಸಲು ಬಯಸಲಿಲ್ಲ. ಔಷಧ ತೆಗೆದುಕೊಳ್ಳುತ್ತಿದ್ದ ರೋಗಿಗಳಲ್ಲಿ ಆಯಾ ಸ್ಥಳಕ್ಕೆ ತಕ್ಕಂತೆ ಶೇಕಡಾ 60ರಿಂದ 78ರಷ್ಟು ಮಂದಿ, ತಾವು ಮೊದಲಿಗಿಂತ ಸರಿಯಾಗಿ ಔಷಧ ಪಾಲಿಸುತ್ತಿರುವುದಾಗಿ ಹೇಳಿಕೊಂಡರು. ಇದು ಅವರೇ ಹೇಳಿಕೊಂಡದ್ದು, ಮಾತ್ರೆ ಎಣಿಸಿ ನೋಡಿದ್ದಲ್ಲ. ಆದರೂ ನನ್ನ ಹಳೆಯ ವಾದವನ್ನು ಕೈಬಿಡಲು ನನಗೆ ಅಷ್ಟು ಸಾಕಾಯಿತು.

ವೈದ್ಯರಾದ ನಮಗೇ ಪಾಠ ಹೇಳಿದ ಭಾಷಣಗಳಲ್ಲಿ ನನ್ನನ್ನು ಹೆಚ್ಚು ತಟ್ಟಿದ್ದು ಬ್ರಿಟನ್ನಿನ ವೈದ್ಯೆ ಕೇಟ್ ಗ್ರೇಂಜರ್ ಅವರದು. ವಾಸಿಯಾಗದ ಕ್ಯಾನ್ಸರ್ ಇದ್ದ ಅವರು 2013ರಲ್ಲಿ ಆಸ್ಪತ್ರೆಯಲ್ಲಿ ಮಲಗಿದ್ದಾಗ, ತಮ್ಮನ್ನು ನೋಡಲು ಬರುವವರಲ್ಲಿ ಅನೇಕರು ತಮ್ಮ ಹೆಸರನ್ನೂ ಹೇಳುವುದಿಲ್ಲವೆಂಬುದನ್ನು ಗಮನಿಸಿ, “ನಮಸ್ಕಾರ, ನನ್ನ ಹೆಸರು...” ಎಂದು ಮಾತು ಆರಂಭಿಸಿ ಎಂಬ ಆಂದೋಲನ ಹೂಡಿದರು. 2016ರಲ್ಲಿ ತೀರಿಕೊಳ್ಳುವವರೆಗೂ ಅವರು ಅದನ್ನೇ ಹೇಳುತ್ತಿದ್ದರು. ಹೆಸರೇ ಗೊತ್ತಿಲ್ಲದವರನ್ನು ಪ್ರಶ್ನಿಸಲು ಯಾರಿಗೆ ತಾನೇ ನಾಲಿಗೆ ಏಳುತ್ತದೆ?

ಎಲ್ಲ ರೋಗಿಗಳೂ ಎಲ್ಲವನ್ನೂ ತಿಳಿದು ತಾವೇ ನಿರ್ಧರಿಸಬೇಕು ಎಂಬ ಹಟವೂ ನನಗಿಲ್ಲ. “ನೀವೇ ನೋಡಿ ಹೇಳಿ, ನನಗೆ ಯೋಚಿಸುವ ಶಕ್ತಿ ಇಲ್ಲ” ಎನ್ನುವುದು ಕೂಡ ಒಂದು ನಿರ್ಧಾರವೇ, ಅದನ್ನು ಗೌರವಿಸಬೇಕು. ಮುಂದಿನ ಭೇಟಿಯಲ್ಲಿ ಅವರ ಮನಸ್ಸು ಬದಲಾಗಿದೆಯೇ ಎಂದು ಕೇಳಿದರಾಯಿತು. ಉಳಿದವರಿಗೆ ನಾನು ಹೇಳುವುದು ಮೂರು ಪ್ರಶ್ನೆಗಳನ್ನು ಬರೆದುಕೊಂಡು ಬರುವಂತೆ: ನನ್ನ ಮುಖ್ಯ ತೊಂದರೆ ಏನು, ಅದಕ್ಕೆ ನಾನು ಏನು ಮಾಡಬೇಕು, ಅದನ್ನು ಮಾಡುವುದು ಏಕೆ ಮುಖ್ಯ. ಕಳೆದ ವಾರ ಒಬ್ಬರು ಈ ಮೂರರ ಕೆಳಗೆ ನಾಲ್ಕನೆಯದೊಂದನ್ನು ತಾವೇ ಸೇರಿಸಿದ್ದರು: “ಐದು ವರ್ಷದ ಹಿಂದೆ ಶುರು ಮಾಡಿದ ಈ ಮಾತ್ರೆ ಈಗಲೂ ಬೇಕೇ?” ಹಳೆಯ ಫೈಲು ತೆರೆದು ನೋಡಿದೆ. ಬೇಕಿರಲಿಲ್ಲ.