ಕುದುರೆ ಮೇಲೆ ಕೂತರೆ ಮಗು ನಡೆಯುತ್ತಾ?

ಪ್ರಶ್ನೆ: ಮಗನಿಗೆ ಆರು ವರ್ಷ, ಸೆರೆಬ್ರಲ್ ಪಾಲ್ಸಿ ಇದೆ. ಕುದುರೆ ಸವಾರಿ ಮಾಡಿಸಿದರೆ ಕಾಲು ಸರಿಹೋಗುತ್ತೆ ಅಂತ ನೆಂಟರು ಹೇಳುತ್ತಾರೆ. ಅಷ್ಟು ದೊಡ್ಡ ಪ್ರಾಣಿ ಮೇಲೆ ಕೂರಿಸಬಹುದಾ?
– ಡೆಂಕಣಿಕೋಟೆಯ ತಾಯಿ

ಕೂರಿಸಬಹುದು ತಾಯಿ. ಆದರೆ ‘ಸರಿಹೋಗುತ್ತೆ’ ಅನ್ನುವ ಮಾತನ್ನು ನಂಬಿ ಹೋಗಬೇಡಿ. ಸೆರೆಬ್ರಲ್ ಪಾಲ್ಸಿ ಅಂದರೆ ಬೆಳೆಯುವ ಮಿದುಳಿಗೆ ಆದ ತೊಂದರೆ, ಅದರಿಂದಲೇ ಕೈಕಾಲು ಹತೋಟಿಗೆ ಬರಲ್ಲ. ಅದನ್ನು ಯಾವ ಕುದುರೆಯೂ ವಾಸಿ ಮಾಡಲ್ಲ.

ಹಾಗಾದರೆ ಏನು ಪ್ರಯೋಜನ? ಕುದುರೆ ನಿಧಾನವಾಗಿ ನಡೆಯುವಾಗ ಅದರ ಬೆನ್ನು ಮೇಲೆ ಕೆಳಗೆ, ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಅಲುಗುತ್ತದೆ. ನಾವು ನಡೆಯುವಾಗ ನಮ್ಮ ಸೊಂಟ ಅಲುಗುವುದೂ ಹೆಚ್ಚುಕಡಿಮೆ ಹೀಗೇ. ಹೆಜ್ಜೆಯನ್ನೇ ಹಾಕದ ಮಗುವಿನ ಸೊಂಟಕ್ಕೆ ನಡಿಗೆಯ ತಾಳ ಸಿಗುತ್ತದೆ. ಬೀಳದೆ ಕೂರಬೇಕಲ್ಲ, ಪ್ರತಿ ಹೆಜ್ಜೆಗೂ ಬೆನ್ನು, ಹೊಟ್ಟೆ, ಕತ್ತು ಬಿಗಿಯಾಗುತ್ತವೆ. ಕುರ್ಚಿ ಮೇಲೆ ಕೂರಿಸಿ ಇಷ್ಟು ಕಸರತ್ತು ಮಾಡಿಸಿ ನೋಡೋಣ! ಕೆಲವು ಮಕ್ಕಳು ಮೊದಲಿಗಿಂತ ನೆಟ್ಟಗೆ ಕೂರುತ್ತಾರೆ, ತೊಡೆಯ ಬಿಗಿ ಸ್ವಲ್ಪ ಸಡಿಲವಾಗುತ್ತದೆ. ಎಲ್ಲರಿಗೂ ಅಲ್ಲ.

ಡೆನ್ಮಾರ್ಕಿನ ಲಿಸ್ ಹಾರ್ಟೆಲ್‌ಗೆ ಪೋಲಿಯೋದಿಂದ ಮೊಣಕಾಲಿನ ಕೆಳಗೆ ಶಕ್ತಿ ಇರಲಿಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಅವರು ಕುದುರೆ ಮೇಲೆ ಕೂತು ಬೆಳ್ಳಿ ಗೆದ್ದರು. ಆಗಲೂ ಹತ್ತಲು ಇಳಿಯಲು ಬೇರೆಯವರ ಕೈ ಬೇಕಿತ್ತು. ನೆಂಟರಿಗೆ ಇದನ್ನೇ ಹೇಳಿ.

ಇನ್ನು ಗಾತ್ರ. ದೊಡ್ಡ ಕುದುರೆ ಅಂದರೆ 500 ಕೆ.ಜಿ., ಕೆಲವು ಇನ್ನೂ ಜಾಸ್ತಿ. ಸಾಧುವಾಗಿದ್ದರೆ ಭಯ ಬೇಡ. ತೊಂದರೆ ಬೇರೆ ಕಡೆ ಇದೆ. ಬೆನ್ನು ಅಗಲವಾದಷ್ಟೂ ಮಗು ಕಾಲು ಅಗಲಿಸಬೇಕು. ತೊಡೆ ಬಿಗಿಯಿರುವ ಮಗುವಿಗೆ ಅದು ನೋವು. ಪಕ್ಕದಲ್ಲಿ ನಡೆಯುವವರ ಕೈಗೂ ಎಟುಕಬೇಕಲ್ವಾ? ನಿಮ್ಮ ಮಗನಿಗೆ ಮಧ್ಯಮ ಎತ್ತರದ್ದೇ ಸಾಕು ಅನ್ನಿಸುತ್ತೆ. ಮೊದಲು ಡಾಕ್ಟರ್ ಹತ್ತಿರ ಸೊಂಟದ ಎಕ್ಸ್‌ರೇ ತೋರಿಸಿ. ಕೀಲು ಜಾರಿದ್ದರೆ, ಫಿಟ್ಸ್ ಹತೋಟಿಯಲ್ಲಿ ಇಲ್ಲದಿದ್ದರೆ ಹತ್ತಿಸಬೇಡಿ.

ಹೊಸೂರು ಕಡೆಯವರಿಗೆ ಕುದುರೆ ಹೊಸದಲ್ಲ. ನಮ್ಮ ಮತ್ತಿಗಿರಿಯ ದನದ ಫಾರಂ ಬ್ರಿಟಿಷರ ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕುತ್ತಿದ್ದ ಜಾಗ. ಆದರೆ ಎಲ್ಲಿಗೇ ಹೋದರೂ ಮೊದಲು ಲಾಯ ನೋಡಿ. ಬೋರ್ಡು ಆಮೇಲೆ. ಗೊರಸು ಬೆಳೆದು ಒಡೆದಿದೆಯಾ? ಆರೆಂಟು ವಾರಕ್ಕೊಮ್ಮೆ ಕತ್ತರಿಸದಿದ್ದರೆ ನಡಿಗೆಯೇ ಕೆಡುತ್ತದೆ, ನಮಗೆ ಬೇಕಿರುವುದೇ ಆ ನಡಿಗೆ. ದಿನಕ್ಕೆ ಏನು ಹಾಕುತ್ತೀರಿ ಅಂತ ಕೇಳಿ. ಎಂಟು ಹತ್ತು ಕೆ.ಜಿ. ಒಣ ಹುಲ್ಲು ಅಂದರೆ ಸರಿ. ನಾವು ಬಸ್ಸಾರು ಮಾಡುವ ಹುರುಳಿಯನ್ನೂ ಬೇಯಿಸಿ ಹಾಕುತ್ತಾರೆ, ಆದರೆ ಅದೇ ಹೊಟ್ಟೆ ತುಂಬಿಸಬಾರದು. ಕುದುರೆಗೆ ವಾಂತಿ ಮಾಡಲು ಆಗಲ್ಲ. ಹೊಟ್ಟೆ ಕೆಟ್ಟರೆ ಜೀವಕ್ಕೇ ಬರುತ್ತದೆ. ನೋಡಿಕೊಳ್ಳುವವನು ಹತ್ತಿರ ಹೋದಾಗ ಕಿವಿ ಹಿಂದಕ್ಕೆ ಒತ್ತಿಕೊಂಡರೆ ಅದಕ್ಕೆ ಅವನು ಬೇಡ, ಅಥವಾ ಸಾಕಾಗಿದೆ. ಆ ದಿನ ವಾಪಸ್ ಬನ್ನಿ.

ಸವಾರಿ ಹೊತ್ತಿಗೆ ಹಗ್ಗ ಹಿಡಿಯಲು ಒಬ್ಬರು, ಮಗುವಿನ ಎರಡೂ ಪಕ್ಕ ಒಬ್ಬೊಬ್ಬರು, ಜೊತೆಗೆ ಫಿಸಿಯೋಥೆರಪಿಸ್ಟ್ ಇರಬೇಕು. ‘ನಾನೊಬ್ಬನೇ ಸಾಕು ಅಮ್ಮಾ’ ಅಂದವರ ಹತ್ತಿರ ಬಿಡಬೇಡಿ.

ಮೊದಲ ದಿನ ಹತ್ತಿಸುವುದೂ ಬೇಡ. ಒಂದು ಕ್ಯಾರೆಟ್ ಕೊಡಿಸಿ, ಅಂಗೈ ಚಪ್ಪಟೆಯಾಗಿರಲಿ. ಬೆರಳು ಮಡಚಿದರೆ ಯಾವುದು ಕ್ಯಾರೆಟ್ ಅಂತ ಕುದುರೆಗೆ ತಿಳಿಯಲ್ಲ, ಮೂಗಿನ ಕೆಳಗಿನದು ಅದಕ್ಕೆ ಕಾಣಿಸಲ್ಲ.